ಕರೆಂಟು ಯಾರದಾಗಿರಬೇಕು? ಖಾಸಗೀಕರಣ, ನಿಯಂತ್ರಣ ಮತ್ತು ನಮ್ಮ ಮನೆಯ ಬಿಲ್ಲು

ಪ್ರಥಮ ಪಿಯುಸಿಯಲ್ಲಿ 1991ರ ಆರ್ಥಿಕ ಸುಧಾರಣೆಗಳ ಪಾಠ ಓದಿದ್ದೀರಿ. ಉದಾರೀಕರಣ, ಖಾಸಗೀಕರಣ, ಜಾಗತೀಕರಣ ಎಂಬ ಮೂರು ಪದ ಎಲ್ಲರ ಬಾಯಲ್ಲೂ ಇದೆ. ದ್ವಿತೀಯ ಪಿಯುಸಿಯಲ್ಲಿ ಏಕಸ್ವಾಮ್ಯ, ಸರಾಸರಿ ವೆಚ್ಚ, ಸೀಮಾಂತ ವೆಚ್ಚ ಬರುತ್ತವೆ. ಒಂದು ಪಾಠಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲವೇನೋ ಎಂಬಂತೆ ನಾವು ಕಲಿಸುತ್ತೇವೆ, ನೀವು ಬರೆಯುತ್ತೀರಿ. ಖಾಸಗೀಕರಣದ ಅನುಕೂಲ ಐದು, ಅನಾನುಕೂಲ ಐದು ಎಂದು ಬರೆದರೆ ಅಂಕವೇನೋ ಸಿಗುತ್ತದೆ. ಆದರೆ ಕರೆಂಟು, ಕುಡಿಯುವ ನೀರು, ದೂರವಾಣಿ ಇವುಗಳ ವಿಷಯದಲ್ಲಿ ಆ ಹತ್ತು ಅಂಶಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಈ ಲೇಖನದಲ್ಲಿ ಎರಡು ಪಾಠಗಳನ್ನೂ ಒಟ್ಟಿಗೆ ತಂದು, ನಮ್ಮ ತಾಲ್ಲೂಕಿನ ಉದಾಹರಣೆಯಲ್ಲೇ ಲೆಕ್ಕ ಹಾಕೋಣ.

ಶಿವನಸಮುದ್ರದಿಂದ ಆರಂಭಿಸೋಣ

ಭರಚುಕ್ಕಿ ನೋಡದವರು ನಮ್ಮಲ್ಲಿ ಕಡಿಮೆ. ಅದೇ ಶಿವನಸಮುದ್ರದ ಆಚೆ ದಡದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಜಲವಿದ್ಯುತ್ ಕೇಂದ್ರ ಕಟ್ಟಿ, 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು. ತಂತಿಯ ಉದ್ದ ಸುಮಾರು 147 ಕಿ.ಮೀ. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ ಅದು. ಮುಗಿಯುವ ಹೊತ್ತಿಗೆ ಅವರು ಬದುಕಿರಲಿಲ್ಲ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ.

ಅರ್ಥಶಾಸ್ತ್ರದ ಕಣ್ಣಿನಿಂದ ಇಲ್ಲಿ ನೋಡಬೇಕಾದ್ದು ಮಾಲೀಕತ್ವ. ಉತ್ಪಾದನೆ ಮತ್ತು ತಂತಿ ಸರ್ಕಾರದ್ದು. ಯಂತ್ರ ಪೂರೈಸಿದವರು ವಿದೇಶಿ ಕಂಪನಿಗಳು. ಕೊಳ್ಳುವವರು ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಖಾಸಗಿ ಗಣಿ ಕಂಪನಿಗಳು. ಅಂದರೆ ‘ಮೊದಲು ಎಲ್ಲ ಸರ್ಕಾರದ್ದೇ ಇತ್ತು, 1991ರ ನಂತರ ಖಾಸಗಿಯವರು ಬಂದರು’ ಎಂಬ ಕಥೆ ಅಷ್ಟು ಸರಳವಲ್ಲ. ಸರ್ಕಾರ ಅಷ್ಟು ದೊಡ್ಡ ಬಂಡವಾಳ ಹಾಕಲು ಧೈರ್ಯ ಮಾಡಿದ್ದು ಕೊಳ್ಳುವವರು ಮೊದಲೇ ಒಪ್ಪಂದಕ್ಕೆ ಬಂದಿದ್ದರಿಂದ. ತಂತಿ ಒಮ್ಮೆ ಎಳೆದರೆ ಕಿತ್ತುಕೊಂಡು ಹೋಗಿ ಬೇರೆ ಊರಲ್ಲಿ ಮಾರಲಾಗುವುದಿಲ್ಲ. ಇಂಥ ಬಂಡವಾಳಕ್ಕೆ ದೀರ್ಘ ಕಾಲದ ಭರವಸೆ ಬೇಕು.

ಇನ್ನೊಂದು ಸಂಗತಿ. ಆಗ ನದಿಯ ಆಚೆ ದಡ ಮೈಸೂರು ಸಂಸ್ಥಾನ. ಈಚೆ ನಮ್ಮ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. (ಯಳಂದೂರು ಮಾತ್ರ ಮೈಸೂರಿನ ಕಡೆ.) 1956ರ ನವೆಂಬರ್ 1ರವರೆಗೂ ಹಾಗೇ ಇತ್ತು. ಕರೆಂಟು ನಮ್ಮ ಪಕ್ಕದಲ್ಲೇ ಹುಟ್ಟಿ ಪೂರ್ವಕ್ಕೆ ಹೋಯಿತು. ಕೊಳ್ಳುವ ಶಕ್ತಿ ಇದ್ದ ಕಡೆ ತಂತಿ ಹರಿಯಿತು, ಹತ್ತಿರ ಇದ್ದ ಕಡೆಗಲ್ಲ.

ಎರಡು ಕಂಪನಿ ಬಂದರೆ ಬೆಲೆ ಇಳಿಯಬೇಕಲ್ಲವೇ?

ತರಕಾರಿ ಅಂಗಡಿ ಒಂದರ ಪಕ್ಕ ಇನ್ನೊಂದು ಬಂದರೆ ಬೆಲೆ ಇಳಿಯುತ್ತದೆ. ಕರೆಂಟಿಗೆ ಇದು ಯಾಕೆ ಹೊಂದುವುದಿಲ್ಲ ಎಂಬುದನ್ನು ಲೆಕ್ಕದಿಂದ ನೋಡೋಣ. ಇವು ನಾನು ಸುಲಭಕ್ಕಾಗಿ ಇಟ್ಟುಕೊಂಡ ಅಂಕಿಗಳು, ನಿಜವಾದ ದರಗಳಲ್ಲ.

ಒಂದು ಪಟ್ಟಣದಲ್ಲಿ 1000 ಮನೆ. ಪ್ರತಿ ಮನೆಗೆ ತಿಂಗಳಿಗೆ 50 ಯೂನಿಟ್, ವರ್ಷಕ್ಕೆ 600. ಒಟ್ಟು 6 ಲಕ್ಷ ಯೂನಿಟ್. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್‌ಗಳ ಸಂಬಳ ಸೇರಿ ವರ್ಷದ ಸ್ಥಿರ ವೆಚ್ಚ 12 ಲಕ್ಷ ರೂಪಾಯಿ. ಪ್ರತಿ ಹೆಚ್ಚುವರಿ ಯೂನಿಟ್ಟಿಗೆ ತಗಲುವ ಖರ್ಚು, ಅಂದರೆ ಸೀಮಾಂತ ವೆಚ್ಚ, 4 ರೂಪಾಯಿ.

ಒಂದೇ ಕಂಪನಿ ಇದ್ದರೆ ಸ್ಥಿರ ವೆಚ್ಚ ಯೂನಿಟ್ಟಿಗೆ 2 ರೂಪಾಯಿ ಬೀಳುತ್ತದೆ. ಸರಾಸರಿ ವೆಚ್ಚ 6 ರೂಪಾಯಿ. ಈಗ ಎರಡನೆಯ ಕಂಪನಿ ಬಂದು ಅದೇ ಬೀದಿಯಲ್ಲಿ ತನ್ನದೇ ಕಂಬ ನೆಟ್ಟು ಅರ್ಧ ಮನೆಗಳನ್ನು ಸೆಳೆಯಿತು ಎನ್ನಿ. ಇಬ್ಬರಿಗೂ 12 ಲಕ್ಷ ಸ್ಥಿರ ವೆಚ್ಚ ಇದ್ದೇ ಇದೆ, ಆದರೆ ಮಾರಾಟ 3 ಲಕ್ಷ ಯೂನಿಟ್ ಮಾತ್ರ. ಯೂನಿಟ್ಟಿಗೆ 4 ರೂಪಾಯಿ ಸ್ಥಿರ ವೆಚ್ಚ, ಸರಾಸರಿ ವೆಚ್ಚ 8 ರೂಪಾಯಿ. ಪೈಪೋಟಿ ಬಂದ ಮೇಲೆ ವೆಚ್ಚ ಏರಿತು! ಉತ್ಪಾದನೆ ಹೆಚ್ಚಿದಂತೆ ಸರಾಸರಿ ವೆಚ್ಚ ಇಳಿಯುತ್ತಲೇ ಹೋಗುವ ಇಂಥ ಉದ್ಯಮವನ್ನು ಸಹಜ ಏಕಸ್ವಾಮ್ಯ ಎನ್ನುತ್ತೇವೆ. ನೀರಿನ ಪೈಪು, ಒಳಚರಂಡಿ, ರೈಲು ಹಳಿ ಎಲ್ಲ ಇದೇ ಜಾತಿ.

ಹಾಗಾದರೆ ಒಬ್ಬನೇ ಇರಲಿ. ಆದರೆ ಒಬ್ಬನೇ ಇದ್ದರೆ 6 ರೂಪಾಯಿಗೆ ಯಾಕೆ ಮಾರುತ್ತಾನೆ? 12 ಕೇಳಿದರೂ ಗ್ರಾಹಕನಿಗೆ ಬೇರೆ ದಾರಿ ಇಲ್ಲ. ಇಲ್ಲಿಂದಲೇ ಎರಡು ಹಾದಿ ಹೊರಡುತ್ತವೆ. ಸರ್ಕಾರವೇ ನಡೆಸುವುದು ಒಂದು. ಯಾರೇ ನಡೆಸಲಿ, ಬೆಲೆಯನ್ನು ಹೊರಗಿನ ಒಬ್ಬ ನಿಯಂತ್ರಕ ನಿಗದಿ ಮಾಡುವುದು ಇನ್ನೊಂದು. ಕರ್ನಾಟಕದಲ್ಲಿ ಈಗ ಇರುವುದು ಎರಡೂ ಸೇರಿದ ವ್ಯವಸ್ಥೆ.

ನಿಯಂತ್ರಕ ಯಾವ ಬೆಲೆ ಇಡಬೇಕು? ಪುಸ್ತಕದ ಪ್ರಕಾರ ಬೆಲೆ ಸೀಮಾಂತ ವೆಚ್ಚಕ್ಕೆ ಸಮ ಇರಬೇಕು, ಅಂದರೆ 4 ರೂಪಾಯಿ. ಹಾಗೆ ಮಾಡಿದರೆ ಕಂಪನಿಗೆ ವರ್ಷಕ್ಕೆ 12 ಲಕ್ಷ ನಷ್ಟ. ಅದನ್ನು ತೆರಿಗೆ ಹಣದಿಂದ ತುಂಬಬೇಕು. ಸರಾಸರಿ ವೆಚ್ಚದಂತೆ 6 ರೂಪಾಯಿ ಇಟ್ಟರೆ ನಷ್ಟವಿಲ್ಲ, ಆದರೆ ಬಳಕೆ ಸ್ವಲ್ಪ ಕುಗ್ಗುತ್ತದೆ. ಮೂರನೆಯ ಉಪಾಯ ಎರಡು ಭಾಗದ ದರ: ಪ್ರತಿ ಮನೆಗೆ ತಿಂಗಳಿಗೆ 100 ರೂಪಾಯಿ ನಿಗದಿತ ಶುಲ್ಕ, ಮೇಲೆ ಯೂನಿಟ್ಟಿಗೆ 4 ರೂಪಾಯಿ. ನೂರು ರೂಪಾಯಿಯನ್ನು 1000 ಮನೆ ಮತ್ತು 12 ತಿಂಗಳಿಂದ ಗುಣಿಸಿ, 12 ಲಕ್ಷ ಸರಿಯಾಗಿ ಬರುತ್ತದೆ. ನಿಮ್ಮ ಮನೆಯ ಬಿಲ್ಲಿನಲ್ಲಿ ‘ನಿಗದಿತ ಶುಲ್ಕ’ ಎಂಬ ಸಾಲು ಯಾಕಿದೆ ಎಂದು ಎಷ್ಟೋ ಜನ ಕೇಳುತ್ತಾರೆ. ಕರೆಂಟೇ ಬಳಸದ ತಿಂಗಳೂ ಅದು ಯಾಕೆ ಬರುತ್ತದೆ ಎಂಬುದಕ್ಕೆ ಉತ್ತರ ಇದೇ: ನೀವು ಸ್ವಿಚ್ ಒತ್ತದಿದ್ದರೂ ಕಂಬ ನಿಂತೇ ಇರುತ್ತದೆ. (ನಮ್ಮಲ್ಲಿ ಅದನ್ನು ಮನೆಗೆ ಇಷ್ಟು ಎಂದಲ್ಲ, ಮಂಜೂರಾದ ಕಿಲೋವ್ಯಾಟಿಗೆ ಇಷ್ಟು ಎಂದು ಹಾಕುತ್ತಾರೆ.)

ಈ ಉಪಾಯಕ್ಕೂ ಒಂದು ಕಹಿ ಇದೆ. ಒಂದೇ ಬಲ್ಬು ಉರಿಸಿ 10 ಯೂನಿಟ್ ಬಳಸುವ ಮನೆ 140 ರೂಪಾಯಿ ಕೊಡುತ್ತದೆ, ಯೂನಿಟ್ಟಿಗೆ 14 ರೂಪಾಯಿ ಬಿತ್ತು. 200 ಯೂನಿಟ್ ಬಳಸುವ ಮನೆ 900 ಕೊಡುತ್ತದೆ, ಯೂನಿಟ್ಟಿಗೆ ನಾಲ್ಕೂವರೆ. ದಕ್ಷತೆಯ ದೃಷ್ಟಿಯಿಂದ ಸರಿಯಾದ ದರ ಬಡವನಿಗೆ ಭಾರವಾಗಬಹುದು. ಭಾಗ್ಯಜ್ಯೋತಿ, ಕುಟೀರಜ್ಯೋತಿಯಂಥ ಯೋಜನೆಗಳ ಅಗತ್ಯ ಬಂದದ್ದು ಇಂಥ ಮನೆಗಳಿಗಾಗಿ.

ಕಾಡಿನೊಳಗಿನ ನಲವತ್ತು ಮನೆ

ನಮ್ಮ ತಾಲ್ಲೂಕಿನ ಮಟ್ಟಿಗೆ ಮುಖ್ಯವಾದ ಲೆಕ್ಕ ಇದು. ಪಟ್ಟಣದಿಂದ ದೂರ, ಬೆಟ್ಟದ ಮೇಲೆ 40 ಮನೆಗಳ ಒಂದು ಹಾಡಿ ಅಥವಾ ದೊಡ್ಡಿ ಇದೆ ಎನ್ನಿ. ಅಲ್ಲಿಗೆ ತಂತಿ ಒಯ್ದು ನೋಡಿಕೊಳ್ಳಲು ವರ್ಷಕ್ಕೆ 2 ಲಕ್ಷ 40 ಸಾವಿರ ರೂಪಾಯಿ ಖರ್ಚು. ಆ 40 ಮನೆಗಳ ಬಳಕೆ ವರ್ಷಕ್ಕೆ 24 ಸಾವಿರ ಯೂನಿಟ್. ಸ್ಥಿರ ವೆಚ್ಚ ಯೂನಿಟ್ಟಿಗೆ 10 ರೂಪಾಯಿ, ಸೀಮಾಂತ ವೆಚ್ಚ ಸೇರಿ 14. ಪಟ್ಟಣದವನಿಗೆ 6, ಬೆಟ್ಟದವನಿಗೆ 14. ಲಾಭ ನೋಡುವ ಕಂಪನಿ ಅಲ್ಲಿಗೆ ಹೋಗುವುದಿಲ್ಲ. ಹೋದರೂ ಆ ದರಕ್ಕೆ ಕೊಳ್ಳುವವರಿಲ್ಲ.

ಈಗ ಎಲ್ಲರಿಗೂ ಒಂದೇ ದರ ಎಂದು ಮಾಡೋಣ. ಒಟ್ಟು ಸ್ಥಿರ ವೆಚ್ಚ 14 ಲಕ್ಷ 40 ಸಾವಿರ, ಒಟ್ಟು ಯೂನಿಟ್ 6 ಲಕ್ಷ 24 ಸಾವಿರ. ಭಾಗಿಸಿದರೆ 2 ರೂಪಾಯಿ 31 ಪೈಸೆ. ಎಲ್ಲರ ದರ 6 ರೂಪಾಯಿ 31 ಪೈಸೆ. ಪಟ್ಟಣದ ಮನೆಗೆ ಆದ ಹೆಚ್ಚುವರಿ ಭಾರ 31 ಪೈಸೆ. 50 ಯೂನಿಟ್ಟಿಗೆ ತಿಂಗಳಿಗೆ 15 ರೂಪಾಯಿ 50 ಪೈಸೆ, ಒಂದು ಟೀ ದುಡ್ಡು. ಇದಕ್ಕೆ ಕ್ರಾಸ್ ಸಬ್ಸಿಡಿ ಎನ್ನುತ್ತಾರೆ. ಎಲ್ಲರಿಗೂ ಸೇವೆ ಕೊಡಲೇಬೇಕು ಎಂಬ ಬಾಧ್ಯತೆ ನಡೆಯುವುದು ಇದರ ಮೇಲೆ.

ಇಲ್ಲಿಗೆ ಒಂದು ಹೊಸ ಕಂಪನಿ ಬಂದು ‘ನಾನು ಪಟ್ಟಣಕ್ಕೆ ಮಾತ್ರ ಕೊಡುತ್ತೇನೆ, 6 ರೂಪಾಯಿ 10 ಪೈಸೆಗೆ’ ಎಂದರೆ ಏನಾಗುತ್ತದೆ? ಪಟ್ಟಣದವರಿಗೆ ಲಾಭ, ಕಂಪನಿಗೂ ಲಾಭ. ಹಳೆಯ ಕಂಪನಿಯ ಕೈಯಲ್ಲಿ ಉಳಿಯುವುದು ಬೆಟ್ಟದ ಮೇಲಿನ 40 ಮನೆ ಮತ್ತು 14 ರೂಪಾಯಿಯ ವೆಚ್ಚ. ಇದನ್ನು ಕೆನೆ ಮಾತ್ರ ತೆಗೆದುಕೊಳ್ಳುವುದು ಎಂದು ಅರ್ಥಶಾಸ್ತ್ರಜ್ಞರು ಕರೆಯುತ್ತಾರೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಒಂದೇ ಪ್ರದೇಶದಲ್ಲಿ ಎರಡನೆಯ ಕಂಪನಿ ಬರಬಹುದು, ಆದರೆ ತನ್ನದೇ ಜಾಲದ ಮೂಲಕ. 2022ರ ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ, ಇರುವ ಜಾಲವನ್ನೇ ಹಲವು ಕಂಪನಿಗಳು ಬಳಸಲು ಅವಕಾಶ ಕೊಡಹೊರಟಿತು. ಅದು ಸ್ಥಾಯಿ ಸಮಿತಿಗೆ ಹೋಗಿ ಕಾಯ್ದೆಯಾಗದೆ ಉಳಿಯಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಕರಡನ್ನು ಹೊರತಂದಿತು. ತಂತಿ ಒಂದೇ ಇರುವುದರಿಂದ ನಮ್ಮ ಮೊದಲ ಲೆಕ್ಕದ 8 ರೂಪಾಯಿಯ ಸಮಸ್ಯೆ ಇಲ್ಲಿ ಬರುವುದಿಲ್ಲ ಎಂಬುದು ನಿಜ. ಆದರೆ ಎರಡನೆಯ ಲೆಕ್ಕದ 31 ಪೈಸೆ ಯಾರಿಂದ ಬರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. 2022ರ ಮಸೂದೆಯಲ್ಲಿ ಅದಕ್ಕಾಗಿ ಒಂದು ನಿಧಿಯ ಕಲ್ಪನೆಯೂ ಇತ್ತು. ದೂರವಾಣಿಯಲ್ಲಿ ಇಂಥ ನಿಧಿ ಇಪ್ಪತ್ತು ವರ್ಷಗಳಿಂದ ಇದೆ. ಕಂಪನಿಗಳ ಆದಾಯದ ಶೇ. 5ರಷ್ಟು ಅದಕ್ಕೆ ಹೋಗುತ್ತದೆ. ಆದರೂ ಮಲೆ ಮಹದೇಶ್ವರ ಬೆಟ್ಟದ ಸುತ್ತ ಮೊಬೈಲಿನಲ್ಲಿ ಸಿಗ್ನಲ್ ಹುಡುಕಿದವರಿಗೆ ಗೊತ್ತು, ನಿಧಿ ಇರುವುದೇ ಬೇರೆ, ಟವರ್ ಬರುವುದೇ ಬೇರೆ.

ಇದು ಬರೀ ಪುಸ್ತಕದ ಲೆಕ್ಕ ಎಂದುಕೊಳ್ಳಬೇಡಿ. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ ನಮ್ಮದೇ ತಾಲ್ಲೂಕಿನ ಇಂಡಿಗನತ್ತದಲ್ಲಿ ಮೂಲಸೌಕರ್ಯ ಇಲ್ಲವೆಂದು ಮತದಾನ ಬಹಿಷ್ಕಾರಕ್ಕೆ ಜನ ಮುಂದಾದರು. ಗಲಾಟೆಯಾಗಿ ಮತಯಂತ್ರವೇ ಪುಡಿಯಾಯಿತು, 29ರಂದು ಮರುಮತದಾನ ನಡೆಯಿತು. ಹಿಂಸೆಯನ್ನು ಯಾರೂ ಒಪ್ಪುವುದಿಲ್ಲ. ಆದರೆ ಅಂಥ ಊರುಗಳಿಗೆ ಸೇವೆ ತಲುಪದಿರಲು ವೆಚ್ಚ ಒಂದೇ ಕಾರಣವಲ್ಲ ಎಂಬುದನ್ನೂ ಗಮನಿಸಿ. ಸುತ್ತ ವನ್ಯಜೀವಿಧಾಮ, ತಂತಿ ಎಳೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಜೋತುಬಿದ್ದ ತಂತಿ ಆನೆಗೆ ಮೃತ್ಯು. ಸರ್ಕಾರಿ ಕಂಪನಿ ಇದ್ದ ಮಾತ್ರಕ್ಕೆ ಬೆಟ್ಟಕ್ಕೆ ಕರೆಂಟು ತಾನಾಗಿ ಹತ್ತುವುದಿಲ್ಲ ಎಂಬುದಕ್ಕೆ ನಮ್ಮ ಬೆಟ್ಟಗಳೇ ಸಾಕ್ಷಿ.

ಕೆಇಬಿಯಿಂದ ಸೆಸ್ಕ್‌ವರೆಗೆ

ಹಿರಿಯರು ಇಂದಿಗೂ ‘ಕೆಇಬಿಯವರು’ ಎನ್ನುತ್ತಾರೆ. ಕೆಇಬಿ ಎಂಬ ಮಂಡಳಿ 1999ರಲ್ಲೇ ಮುಗಿಯಿತು. ಆ ವರ್ಷದ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆಯಂತೆ ಆಗಸ್ಟ್ 1ರಂದು ಅದು ಕೆಪಿಟಿಸಿಎಲ್ ಎಂಬ ಕಂಪನಿಯಾಯಿತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ (ಕೆಇಆರ್‌ಸಿ) ಅದೇ ವರ್ಷ ಬಂತು. 2002ರ ಜೂನ್ 1ರಂದು ವಿತರಣೆಯನ್ನು ಬೇರ್ಪಡಿಸಿ ನಾಲ್ಕು ಕಂಪನಿ ಮಾಡಿದರು. 2005ರಲ್ಲಿ ಮೈಸೂರು ಕೇಂದ್ರವಾಗಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ನಮ್ಮ ಸೆಸ್ಕ್, ಪ್ರತ್ಯೇಕವಾಯಿತು.

ಹೀಗೆ ಕಂಪನಿ ಮಾಡಿದ್ದು ಖಾಸಗೀಕರಣವಲ್ಲ. ಷೇರುಗಳೆಲ್ಲ ಸರ್ಕಾರದ್ದೇ. ಪರೀಕ್ಷೆಯಲ್ಲಿ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಆಗ ಮುಂದಿನ ಹೆಜ್ಜೆ ಮಾರಾಟ ಎಂಬ ಮಾತು ಇದ್ದೇ ಇತ್ತು. ಕರ್ನಾಟಕ ಆ ಹೆಜ್ಜೆ ಇಡಲಿಲ್ಲ. ಒಡಿಶಾ ಇಟ್ಟಿತ್ತು. 1999ರಲ್ಲಿ ದೇಶದಲ್ಲೇ ಮೊದಲಿಗೆ ವಿತರಣೆಯನ್ನು ಖಾಸಗಿಯವರಿಗೆ ಕೊಟ್ಟಿತು. ಅದೇ ವರ್ಷ ಅಕ್ಟೋಬರಿನ ಮಹಾ ಚಂಡಮಾರುತ ಕಂಬಗಳನ್ನೆಲ್ಲ ಮಲಗಿಸಿತು. ಒಂದು ವಲಯ ಪಡೆದಿದ್ದ ಅಮೆರಿಕದ ಕಂಪನಿ 2001ರಲ್ಲಿ ಕೈಬಿಟ್ಟು ಹೋಯಿತು. ಉಳಿದ ಮೂರು ವಲಯಗಳ ಪರವಾನಗಿಯನ್ನು 2015ರಲ್ಲಿ ಆಯೋಗವೇ ರದ್ದು ಮಾಡಿತು. 2020 ಮತ್ತು 2021ರಲ್ಲಿ ಮತ್ತೆ ಖಾಸಗಿಗೆ, ಈ ಬಾರಿ ಟಾಟಾ ಪವರ್‌ಗೆ.

ದೆಹಲಿಯ ಕಥೆ ಬೇರೆ. 2002ರ ಜುಲೈನಲ್ಲಿ ಶೇ. 51 ಖಾಸಗಿ, ಶೇ. 49 ಸರ್ಕಾರ ಎಂದು ಕೊಟ್ಟರು. ಆಗ ಅರ್ಧದಷ್ಟು ಕರೆಂಟಿನ ದುಡ್ಡೇ ಬರುತ್ತಿರಲಿಲ್ಲ. ಆ ನಷ್ಟ ಇಂದು ಹತ್ತರ ಒಳಗೆ ಇಳಿದಿದೆ. ನಿಜಕ್ಕೂ ದೊಡ್ಡ ಸಾಧನೆ. ಆದರೆ ದರ ಏರಿಸಲು ರಾಜಕೀಯ ಒಪ್ಪದೆ, ‘ಮುಂದೆ ವಸೂಲು ಮಾಡಿಕೊಳ್ಳಿ’ ಎಂದು ಪಕ್ಕಕ್ಕಿಟ್ಟ ಬಾಕಿ 27 ಸಾವಿರ ಕೋಟಿ ರೂಪಾಯಿ ದಾಟಿತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅಂಥ ಬಾಕಿಗಳನ್ನು ಕಾಲಮಿತಿಯಲ್ಲಿ ತೀರಿಸಲು ಎಲ್ಲ ರಾಜ್ಯಗಳ ಆಯೋಗಗಳಿಗೂ ಹೇಳಬೇಕಾಯಿತು. ಮಾಲೀಕ ಬದಲಾದ, ದರ ನಿಗದಿಯ ರೋಗ ಹಾಗೇ ಉಳಿಯಿತು.

ಮೂರನೆಯ ದಾರಿಯೂ ಒಂದಿದೆ, ಅದು ನಮ್ಮ ರಾಜ್ಯದಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಹಕರೇ ಸದಸ್ಯರಾಗಿರುವ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕರೆಂಟು ಹಂಚುತ್ತಿದೆ. ಪಠ್ಯಪುಸ್ತಕಗಳು ಅದನ್ನು ಯಾಕೆ ಮರೆಯುತ್ತವೋ ತಿಳಿಯದು.

ಆಯೋಗ ಏನು ಮಾಡುತ್ತದೆ?

ಪ್ರತಿ ಕಂಪನಿ ತನ್ನ ಖರ್ಚಿನ ಪಟ್ಟಿ ಕೊಡುತ್ತದೆ: ಕರೆಂಟು ಕೊಂಡ ಖರ್ಚು, ಸಂಬಳ, ದುರಸ್ತಿ, ಸವಕಳಿ, ಸಾಲದ ಬಡ್ಡಿ, ಹೂಡಿದ ಬಂಡವಾಳಕ್ಕೆ ಇಷ್ಟು ಶೇಕಡಾ ಪ್ರತಿಫಲ. ಇವುಗಳ ಮೊತ್ತವನ್ನು ಮಾರುವ ಯೂನಿಟ್ಟಿನಿಂದ ಭಾಗಿಸಿದರೆ ಸರಾಸರಿ ದರ. ಆಯೋಗದ ಕೆಲಸ ಆ ಪಟ್ಟಿಯ ಪ್ರತಿ ಸಾಲನ್ನೂ ಪ್ರಶ್ನಿಸುವುದು. ನೂರು ಯೂನಿಟ್ ಕೊಂಡು 88 ಮಾರಬೇಕೆಂದು ಗುರಿ ಕೊಟ್ಟಿದ್ದು, ಕಂಪನಿ 82 ಮಾತ್ರ ಮಾರಿದರೆ, ಆ 6 ಯೂನಿಟ್ಟಿನ ನಷ್ಟವನ್ನು ಗ್ರಾಹಕನ ಮೇಲೆ ಹಾಕಲು ಬಿಡುವುದಿಲ್ಲ.

ಕೇಳಲು ಚೆನ್ನಾಗಿದೆ. ಇದರಲ್ಲಿರುವ ಬಿರುಕುಗಳನ್ನೂ ನೋಡಬೇಕು. ಹಾಕಿದ ಬಂಡವಾಳದ ಮೇಲೆ ಶೇಕಡಾ ಲೆಕ್ಕದಲ್ಲಿ ಪ್ರತಿಫಲ ಕೊಟ್ಟರೆ, ಅಗತ್ಯಕ್ಕಿಂತ ಹೆಚ್ಚು ಬಂಡವಾಳ ಹಾಕುವ ಆಸೆ ಕಂಪನಿಗೆ ಹುಟ್ಟುತ್ತದೆ. ಇದನ್ನು 1962ರಲ್ಲಿ ಆವರ್ಚ್ ಮತ್ತು ಜಾನ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟರು. ಅದನ್ನು ತಪ್ಪಿಸಲು ಬ್ರಿಟನ್ನಿನಲ್ಲಿ ಸ್ಟೀಫನ್ ಲಿಟ್ಲ್‌ಚೈಲ್ಡ್ ಬೇರೆ ಸೂತ್ರ ಕೊಟ್ಟರು: ಬೆಲೆ ಹಣದುಬ್ಬರಕ್ಕಿಂತ ಇಷ್ಟು ಕಡಿಮೆ ಏರಬೇಕು, ಖರ್ಚು ಉಳಿಸಿದರೆ ಲಾಭ ನಿನ್ನದು. ದೂರವಾಣಿಯಲ್ಲಿ ಚೆನ್ನಾಗಿ ನಡೆಯಿತು. 1989ರಲ್ಲಿ ಖಾಸಗಿಯಾದ ಇಂಗ್ಲೆಂಡಿನ ನೀರಿನ ಕಂಪನಿಗಳು ಸಾಲವಿಲ್ಲದೆ ಆರಂಭಿಸಿ, ಇಂದು 6,000 ಕೋಟಿ ಪೌಂಡ್‌ಗೂ ಮೀರಿದ ಸಾಲ ಹೊತ್ತಿವೆ; ಷೇರುದಾರರಿಗೆ ಲಾಭಾಂಶ ಹೋಯಿತು, ನದಿಗಳಿಗೆ ಕೊಳಚೆ ಹೋಯಿತು. ಶ್ರೀಮಂತ ದೇಶದ, ಅನುಭವೀ ನಿಯಂತ್ರಕನ ಕಣ್ಣೆದುರೇ ಹೀಗಾಯಿತು.

ನಮ್ಮಲ್ಲಿಯ ಬಿರುಕು ಇನ್ನೊಂದು ಬಗೆ. 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟು ಉಚಿತ. ಒಣ ತಾಲ್ಲೂಕಿನ ರೈತನಿಗೆ ಅದು ಬದುಕಿನ ಪ್ರಶ್ನೆ, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಮೀಟರಿನ ಬಗ್ಗೆ. ಪಂಪ್‌ಸೆಟ್‌ಗೆ ಮೀಟರ್ ಇಲ್ಲದಿದ್ದರೆ ಅದು ಎಷ್ಟು ಕುಡಿಯಿತು ಎಂಬುದು ಅಂದಾಜು. ಅಂದಾಜು ಹಿಗ್ಗಿಸಿದರೆ ಕಳವು, ಸೋರಿಕೆ ಎಲ್ಲ ರೈತನ ಹೆಸರಿನಲ್ಲಿ ಮುಚ್ಚಿಹೋಗುತ್ತವೆ. ಸಬ್ಸಿಡಿ ಬಿಲ್ಲು ಮಾತ್ರ ಸರ್ಕಾರಕ್ಕೆ ಹೋಗುತ್ತದೆ. ಉಚಿತ ಕೊಡುವುದಕ್ಕೂ ಅಳೆಯುವುದಕ್ಕೂ ವಿರೋಧವಿಲ್ಲ. 2023ರ ಜುಲೈಯಿಂದ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ, ಆದರೆ ಮೀಟರ್ ಓದುತ್ತಾರೆ, ಬಿಲ್ಲು ಬರುತ್ತದೆ, ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ. 10ರ ಮಿತಿ ಇದೆ. ಇಂಥ ರಿಯಾಯಿತಿಯ ಹಣವನ್ನು ಸರ್ಕಾರ ಮುಂಗಡವಾಗಿ ಕಟ್ಟಬೇಕು ಎಂದು 2003ರ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. ಮುಂಗಡ ಎಂಬ ಪದಕ್ಕೆ ಸರ್ಕಾರಗಳು ಕೊಡುವ ಅರ್ಥ ಮಾತ್ರ ನಿಘಂಟಿನಲ್ಲಿ ಸಿಗುವುದಿಲ್ಲ.

ನೀರಿನ ವಿಷಯಕ್ಕೆ ಒಂದೇ ಮಾತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ, ಪೈಪು ನಗರದ್ದೇ ಇಟ್ಟುಕೊಂಡು ನಿರ್ವಹಣೆಯನ್ನು ಮಾತ್ರ ಫ್ರಾನ್ಸಿನ ವಿಯೋಲಿಯಾಗೆ ಕೊಟ್ಟಿದ್ದರು. 2008ರ ಹೊತ್ತಿಗೆ ಅಲ್ಲಿ ದಿನದ 24 ಗಂಟೆಯೂ ನಲ್ಲಿಯಲ್ಲಿ ನೀರು ಬಂತು. ಒಟ್ಟು ಮನೆಗಳಲ್ಲಿ ಅದು ಹತ್ತರಲ್ಲೊಂದು ಪಾಲು. ಉಳಿದ ಬಡಾವಣೆಗಳು ಬಹುಕಾಲ ಕೊಡ ಹಿಡಿದೇ ಇದ್ದವು. ಆಸ್ತಿ ಮಾರದೆ ಖಾಸಗಿ ಕೌಶಲ ಪಡೆಯಬಹುದು ಎಂಬುದಕ್ಕೂ, ಮಾದರಿ ಬಡಾವಣೆಯ ಯಶಸ್ಸು ಇಡೀ ಊರಿಗೆ ಹರಡುವುದು ಬೇರೆಯೇ ಕೆಲಸ ಎಂಬುದಕ್ಕೂ ಇದೇ ಉದಾಹರಣೆ.

ನಿಮಗೆ ಇದರಲ್ಲಿ ಪಾತ್ರವಿದೆ

ದರ ಬದಲಿಸುವ ಮುನ್ನ ಆಯೋಗ ಅರ್ಜಿಯನ್ನು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ಸಾಮಾನ್ಯ ಗ್ರಾಹಕರೂ ಆಕ್ಷೇಪಣೆ ಸಲ್ಲಿಸಿ ಮಾತಾಡಬಹುದು. ಕೈಗಾರಿಕಾ ಸಂಘಗಳು ಲೆಕ್ಕಪರಿಶೋಧಕರನ್ನು ಕರೆದುಕೊಂಡು ಬರುತ್ತವೆ. ರೈತ ಸಂಘದವರು ಬರುತ್ತಾರೆ. ಮನೆ ಗ್ರಾಹಕರು ವಿರಳ, ಕಾಡಂಚಿನ ಊರಿನವರಂತೂ ಇನ್ನೂ ವಿರಳ. ಮಾತಾಡಿದವರ ಖರ್ಚು ಮಾತಾಡದವರ ಮೇಲೆ ಜಾರುವುದು ಹೀಗೆಯೇ. ಬಿಲ್ಲು, ಸಂಪರ್ಕದ ತಕರಾರಿಗೆ ಪ್ರತ್ಯೇಕವಾಗಿ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ದರ ಆದೇಶದ ಮೇಲೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೂ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಬಹುದು.

ಮನೆಯಲ್ಲಿ ಮಾಡಬೇಕಾದ ಕೆಲಸ ಎರಡು. ನಿಮ್ಮ ಮನೆಯ ಇತ್ತೀಚಿನ ಬಿಲ್ಲು ತೆಗೆದು ಮಂಜೂರಾದ ಕಿಲೋವ್ಯಾಟ್, ನಿಗದಿತ ಶುಲ್ಕ, ಬಳಸಿದ ಯೂನಿಟ್, ಸರ್ಕಾರ ಕೊಟ್ಟ ರಿಯಾಯಿತಿ ಇವನ್ನು ಗುರುತಿಸಿ. ರಿಯಾಯಿತಿ ಇಲ್ಲದಿದ್ದರೆ ಯೂನಿಟ್ಟಿಗೆ ಒಟ್ಟು ಎಷ್ಟು ಬೀಳುತ್ತಿತ್ತು ಎಂದು ಭಾಗಿಸಿ ನೋಡಿ. ಎರಡನೆಯದು, ಮೇಲಿನ ಲೆಕ್ಕದಲ್ಲಿ ಬೆಟ್ಟದ ಮನೆಗಳು 40ರ ಬದಲು 80 ಆಗಿ, ತಂತಿಯ ಖರ್ಚು ಅಷ್ಟೇ ಉಳಿದರೆ ಪಟ್ಟಣದವರ ಮೇಲಿನ 31 ಪೈಸೆ ಎಷ್ಟಾಗುತ್ತದೆ? ಲೆಕ್ಕ ಮಾಡಿದವರು ಅರ್ಥಶಾಸ್ತ್ರ ವಿಭಾಗಕ್ಕೆ ತನ್ನಿ. ಬೆಟ್ಟದ ಕಡೆಯಿಂದ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಮನೆಗಳ ಸಂಖ್ಯೆಯನ್ನೂ, ಕಂಬ ಎಲ್ಲಿಯವರೆಗೆ ಬಂದಿದೆ ಎಂಬುದನ್ನೂ ಬರೆದು ತಂದರೆ ಮುಂದಿನ ಲೆಕ್ಕವನ್ನು ಆ ಅಂಕಿಗಳಿಂದಲೇ ಮಾಡೋಣ.